ಮನೆವಾರ್ತೆ: ಹಿಮನಾಡಿನ ಕೂಡುಮನೆ

ಬೇಸಗೆಯ ರಜೆಗೆ ತವರೂರು, ಫಾಲ್ಗುಣದಲ್ಲಿ ನಾಯಕನಹಟ್ಟಿಯ ತೇರು, ದೇವರು ಕೃಪೆಮಾಡಿದರೆ ಒಮ್ಮೆ ಕಾಶಿ: ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಗೃಹಸ್ಥರಿಗೆ ಪ್ರವಾಸವೆಂದರೆ ಬಹುಕಾಲ ಇಷ್ಟೇ ಆಗಿದ್ದಿತು. ಈಗ ಮಕ್ಕಳು ಬೆಂಗಳೂರಿನಲ್ಲಿಯೂ ಕಡಲಾಚೆಯ ದೇಶಗಳಲ್ಲಿಯೂ ಉದ್ಯೋಗದಲ್ಲಿದ್ದಾರೆ. ಅವರು ಮಾರ್ಗಶಿರ, ಪುಷ್ಯ ಮಾಸಗಳು ಸಮೀಪಿಸುತ್ತಲೇ, “ಈ ಸಲ ಹತ್ತು ಹನ್ನೆರಡು ಮಂದಿ ಕೂಡಿ ಹಿಮದ ನಾಡಿಗೆ ಹೋಗೋಣ. ಅಲ್ಲಿ ಒಂದೇ ಮನೆ ಹಿಡಿದು, ಒಂದೇ ಪಂಕ್ತಿಯಲ್ಲಿ ಉಂಡು, ಹಗಲೆಲ್ಲ ಮಂಜಿನ ಮೇಲೆ ಜಾರಾಡೋಣ. ನೀವೂ ಬನ್ನಿ” ಎಂದು ತಂದೆತಾಯಿಗಳನ್ನು ಕರೆಯುವುದುಂಟು. ಕರೆಯು ಪ್ರೀತಿಯದೇ ಸರಿ. ಆದರೆ ಅಂತಹ ಕೂಡುಮನೆಯಲ್ಲಿ ಏನನ್ನು ನಿರೀಕ್ಷಿಸಬೇಕು, ಏನನ್ನು ನಿರೀಕ್ಷಿಸಬಾರದು ಎಂಬುದನ್ನು ಹೊರಡುವ ಮುನ್ನವೇ ಆಲೋಚಿಸಿದವರು ವಿರಳ. ಈ ತಿಂಗಳ ಪುಟವನ್ನು ಅದಕ್ಕಾಗಿ ಮೀಸಲಿಟ್ಟಿದ್ದೇವೆ.

ಇಂತಹ ಮನೆಗೆ ಯೂರೋಪಿನಲ್ಲಿ ಷಾಲೆ ಎಂದು ಹೆಸರು. ಈ ಮಾತು ಶ್ರೀಮಂತರ ಬಿಡಾರವನ್ನು ಸೂಚಿಸುವುದೆಂದು ಅನೇಕರು ಭಾವಿಸಿದ್ದಾರೆ. ಆದರೆ ಷಾಲೆಯು ಮೂಲತಃ ದನಗಾಹಿಯ ಗುಡಿಸಲು. ಸ್ವಿಟ್ಜರ್ಲೆಂಡಿನ ಆಲ್ಪ್ಸ್ ಪರ್ವತಗಳಲ್ಲಿ ಬೇಸಗೆ ಬಂದೊಡನೆ ಗೋವಳರು ದನಗಳನ್ನು ಮೇಲಣ ಹುಲ್ಲುಗಾವಲಿಗೆ ಹೊಡೆದುಕೊಂಡು ಹೋಗಿ, ಮರದ ಗುಡಿಸಲುಗಳಲ್ಲಿ ತಂಗಿ, ಹಾಲು ಕರೆದು ಗಿಣ್ಣು ಮಾಡಿ, ಚಳಿ ಬೀಳುವ ಮುನ್ನ ಕೆಳಗಿಳಿಯುತ್ತಿದ್ದರು. ಚಳಿಗಾಲದಲ್ಲಿ ಗುಡಿಸಲು ಬರಿದಾಗಿರುತ್ತಿತ್ತು. ಹಿಮದ ಆಟವು ಬಳಕೆಗೆ ಬಂದ ಮೇಲೆ ಆ ಗುಡಿಸಲಿನ ಹೆಸರೂ ರೂಪವೂ ಪ್ರವಾಸಿಗಳ ಮನೆಗೆ ಬಂದುವು.

ಈ ರೀತಿಯ ಬಾಳು ನಮ್ಮ ಸೀಮೆಗೆ ಹೊಸದಲ್ಲ. ವರವು ಕಾವಲು, ಉಳ್ಳಾರ್ತಿ ಕಾವಲು, ಕುದಾಪುರದ ಕಾವಲುಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆಚಾವಡಿಯೇ ಟಿಪ್ಪು ಸುಲ್ತಾನನ ಆಳ್ವಿಕೆಯಲ್ಲಿ ಅಮೃತಮಹಲ್ ಎಂಬ ಹೆಸರು ಪಡೆಯಿತು. ಆ ರಾಸುಗಳಿಗಾಗಿ ಬೇಸಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ಹುಲ್ಲುಗಾವಲುಗಳನ್ನು ವಿಂಗಡಿಸಿದ್ದರು. ಇಂದು ವರವು ಕಾವಲಿನ ಬಹುಭಾಗಕ್ಕೆ ಬೇಲಿ ಬಿದ್ದಿದೆ. ರಕ್ಷಣಾ ಸಂಶೋಧನಾ ಸಂಸ್ಥೆಯ ವಿಮಾನ ಪರೀಕ್ಷಾ ಕ್ಷೇತ್ರವು 2017ನೆಯ ಇಸವಿ ಮೇ 28ರಂದು ಅಲ್ಲಿ ಉದ್ಘಾಟನೆಯಾಯಿತು. ಆದರೂ ಕುರಿಮಂದೆಯೊಡನೆ ವಲಸೆ ಹೋಗುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಅವರು ಕೂಡಿಯೇ ಹೋಗುತ್ತಾರೆ, ಕೂಡಿಯೇ ಬೀಡುಬಿಡುತ್ತಾರೆ, ರಾತ್ರಿಯ ಕಾವಲನ್ನು ಸರದಿಯಂತೆ ಕಾಯುತ್ತಾರೆ. ಬೀಡಾರದ ಬಾಳು ಸುಗಮವಾಗಬೇಕಾದರೆ ಕಟ್ಟಳೆ ಬೇಕು ಎಂಬುದು ಅವರಿಗೆ ಯಾರೂ ಕಲಿಸಬೇಕಾದ ಪಾಠವಲ್ಲ. ಪಟ್ಟಣದಲ್ಲಿ ಓದಿದವರು ಮಾತ್ರ ಅದನ್ನು ಮರೆತು ಹೊರಡುತ್ತಾರೆ.

ಅಪರಿಚಿತರು ಕೂಡಿ ಹಿಮದ ವಿಹಾರಕ್ಕೆ ಹೋಗುವ ಪದ್ಧತಿಗೆ ತೊಂಬತ್ತು ವರ್ಷಗಳಿಗೂ ಮೀರಿದ ಇತಿಹಾಸವಿದೆ. ವಿಯೆನ್ನಾ ನಗರದಲ್ಲಿ ಹುಟ್ಟಿ ಲಂಡನ್ನಿನಲ್ಲಿ ಓದುತ್ತಿದ್ದ ಎರ್ನಾ ಲೋ ಎಂಬ ತರುಣಿಯು ತವರಿಗೆ ಹೋಗಿಬರಲು ಹಣವಿಲ್ಲದೆ 1932ರಲ್ಲಿ ಪತ್ರಿಕೆಯೊಂದರಲ್ಲಿ ಪುಟ್ಟ ಜಾಹೀರಾತು ಕೊಟ್ಟಳು. ಎರಡು ವಾರಗಳ ಆಸ್ಟ್ರಿಯಾ ಪ್ರವಾಸ, ತಲೆಗೆ 15 ಪೌಂಡು ಎಂಬುದು ಅದರ ಸಾರ. ಒಬ್ಬರನ್ನೊಬ್ಬರು ಅರಿಯದ ಕೆಲವರು ಅವಳೊಡನೆ ಹೊರಟರು. ಅಲ್ಲಿಂದ ಮುಂದೆ ಅವಳ ಹೆಸರಿನ ವ್ಯವಹಾರವೇ ಬೆಳೆಯಿತು. ಇಂದಿನ ಷಾಲೆಗಳಲ್ಲಿ ಸಾಮಾನ್ಯವಾಗಿ ಒಬ್ಬರೋ ಇಬ್ಬರೋ ಪರಿಚಾರಕರಿದ್ದು, ಬೆಳಗಿನ ಉಪಾಹಾರ, ಸಂಜೆಯ ಚಹಾ, ರಾತ್ರಿಯ ಭೋಜನಗಳನ್ನು ಒದಗಿಸುತ್ತಾರೆ. ಊಟಕ್ಕೆ ಎಲ್ಲರೂ ಒಂದೇ ಮೇಜಿನ ಸುತ್ತ ಕೂಡಬೇಕು. ವಾರಕ್ಕೊಂದು ದಿನ ಪರಿಚಾರಕರಿಗೆ ಬಿಡುವಿರುವುದರಿಂದ ಅಂದಿನ ಊಟವನ್ನು ಅತಿಥಿಗಳೇ ನೋಡಿಕೊಳ್ಳತಕ್ಕದ್ದು. ಒಂಟಿಯಾಗಿ ಬಂದವರು ಅಪರಿಚಿತರೊಡನೆ ಕೋಣೆ ಹಂಚಿಕೊಳ್ಳಬೇಕಾಗಿ ಬರಬಹುದು.

ನಮ್ಮ ದೇಶದಲ್ಲಿಯೇ ಹಿಮಜಾರಾಟವನ್ನು ಕಲಿಯಬಯಸುವವರಿಗೆ ಕಾಶ್ಮೀರದ ಗುಲ್ಮಾರ್ಗ್, ಗಢವಾಲದ ಔಲಿ, ಮನಾಲಿಯ ಬಳಿಯ ಸೋಲಂಗ್ ಕಣಿವೆಗಳು ಪ್ರಸಿದ್ಧವಾಗಿವೆ. ಗುಲ್ಮಾರ್ಗಿನಲ್ಲಿ ಭಾರತ ಸರ್ಕಾರವು 1968ರಲ್ಲಿ ಸ್ಥಾಪಿಸಿದ ಶಿಕ್ಷಣಸಂಸ್ಥೆಯೇ ಇದೆ. ಕಾಶ್ಮೀರ ಕಣಿವೆಗೆ ನೇರ ರೈಲುಮಾರ್ಗವು 2025ರ ಜೂನ್ 6ರಂದು ತೆರೆಯಿತು. ಹೊರಡುವ ಮುನ್ನ ಆಯಾ ಪ್ರಾಂತದ ಸರ್ಕಾರದ ಸೂಚನೆಗಳನ್ನು ತಪ್ಪದೆ ವಿಚಾರಿಸಿಕೊಳ್ಳಬೇಕು. ಈ ಆಟವು ಕನ್ನಡಿಗರಿಗೆ ಒಗ್ಗದೆಂಬ ಮಾತನ್ನಂತೂ ಬಿಡಬಹುದು. ಹಿಮವನ್ನೇ ಕಾಣದ ಕೊಡಗಿನಲ್ಲಿ ಬೆಳೆದ ಭವಾನಿ ತೆಕ್ಕಡ ನಂಜುಂಡ ಅವರು 2025ರಲ್ಲಿ ದೂರದ ಚಿಲಿ ದೇಶದ ಅಂತರರಾಷ್ಟ್ರೀಯ ಹಿಮಜಾರಾಟದ ಸ್ಪರ್ಧೆಯಲ್ಲಿ ಕಂಚಿನ ಪದಕವನ್ನು ಗಳಿಸಿದ್ದಾರೆ.

ಇನ್ನು ಶರೀರದ ವಿಚಾರ. ಚಳ್ಳಕೆರೆಯು ಸಮುದ್ರಮಟ್ಟದಿಂದ ಸುಮಾರು 600 ಮೀಟರು ಎತ್ತರದಲ್ಲಿದೆ. ಗುಲ್ಮಾರ್ಗ್ ಸುಮಾರು 2,650 ಮೀಟರು. ಅಲ್ಲಿಂದ ತಂತಿತೊಟ್ಟಿಲೇರಿದರೆ ಅಫರ್ವಟ್ ಬೆಟ್ಟದ ಮೇಲೆ ನಾಲ್ಕು ಸಾವಿರ ಮೀಟರಿನ ಸಮೀಪಕ್ಕೆ ಹೋಗಬಹುದು. ಇಷ್ಟು ಎತ್ತರದಲ್ಲಿ ಗಾಳಿಯು ತೆಳುವಾಗಿರುವುದರಿಂದ ತಲೆನೋವು, ವಾಕರಿಕೆ, ನಿದ್ರಾಭಂಗಗಳು ಸಹಜ. ಮೊದಲನೆಯ ದಿನ ವಿಶ್ರಾಂತಿ ಅಗತ್ಯ. ಬಾಯಾರದಿದ್ದರೂ ನೀರು ಕುಡಿಯುತ್ತಿರಬೇಕು. ತಲೆನೋವು ಹೆಚ್ಚುತ್ತ ಹೋಗಿ ನಡಿಗೆ ತಡವರಿಸಿದರೆ ಅಥವಾ ಕುಳಿತಲ್ಲಿಯೇ ಏದುಸಿರು ಬಂದರೆ, ಕೆಳಗಿಳಿಯುವುದೇ ಮೊದಲ ಔಷಧ. ಹೃದಯರೋಗ ಅಥವಾ ಉಬ್ಬಸವುಳ್ಳವರು ವೈದ್ಯರನ್ನು ಕೇಳದೆ ಹೊರಡಲಾಗದು.

ಬಟ್ಟೆಯ ವಿಷಯದಲ್ಲಿ ಒಂದು ಸೂತ್ರವನ್ನು ನೆನಪಿಡಿರಿ: ಒಂದು ದಪ್ಪ ಅಂಗಿಗಿಂತ ಮೂರು ತೆಳು ಅಂಗಿಗಳು ಲೇಸು. ಹತ್ತಿಯ ಬಟ್ಟೆಯು ಬೆವರು ಕುಡಿದು ತಣ್ಣಗಾಗುವುದರಿಂದ ಮೈಗೆ ತಾಗುವಂತೆ ಅದನ್ನು ಹಾಕಬಾರದು. ಉಣ್ಣೆಯು ತೇವವಾದರೂ ಬೆಚ್ಚಗಿರುತ್ತದೆ. ಇದು ಕಂಬಳಿ ನೇಯುವ ಚಳ್ಳಕೆರೆಯವರಿಗೆ ಗೊತ್ತಿರುವ ಸಂಗತಿಯೇ. ಮೊಳಕಾಲ್ಮೂರಿನ ರೇಷ್ಮೆಸೀರೆಯು ಪೆಟ್ಟಿಗೆಯಲ್ಲಿಯೇ ಇರಲಿ. ಹಿಮದ ಮೇಲಿನ ಬಿಸಿಲು ಕಣ್ಣನ್ನು ಸುಡುವುದರಿಂದ ಕಪ್ಪು ಕನ್ನಡಕವು ಅನಿವಾರ್ಯ. ಜಾರುಹಲಗೆಯನ್ನೂ ಬೂಟನ್ನೂ ಅಲ್ಲಿಯೇ ಬಾಡಿಗೆಗೆ ಪಡೆಯಬಹುದು. ಬೂಟು ಕಾಲಿಗೆ ಸರಿಯಾಗದಿದ್ದರೆ ಸಂಕೋಚಪಡದೆ ಬದಲಾಯಿಸಿಕೊಳ್ಳಿರಿ. ಮೊದಲೆರಡು ದಿನ ಬೀಳುವುದೇ ಪಾಠ. ಮೂರನೆಯ ದಿನ ತೊಡೆಗಳು ಮಾತು ಕೇಳುವುದಿಲ್ಲ. ಶಿಕ್ಷಕರಿಲ್ಲದೆ ಸ್ನೇಹಿತರಿಂದ ಕಲಿಯುವೆನೆಂಬುದು ಕೈಕಾಲು ಮುರಿದುಕೊಳ್ಳುವ ಹಾದಿ. ಹೊರದೇಶಕ್ಕೆ ಹೋಗುವವರು ಹಿಮಜಾರಾಟದ ಅಪಘಾತವನ್ನೂ ಒಳಗೊಂಡ ವಿಮೆಯನ್ನು ಮಾಡಿಸಿಕೊಳ್ಳತಕ್ಕದ್ದು.

ಮನೆಯೊಳಗಿನ ಒಂದು ಅಪಾಯವನ್ನು ವಿಶೇಷವಾಗಿ ಹೇಳಬೇಕು. ಚಳಿಗೆ ಹೆದರಿ ಕಿಟಕಿ ಬಾಗಿಲುಗಳನ್ನು ಭದ್ರಪಡಿಸಿ, ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆಯನ್ನೋ ಅನಿಲದ ಒಲೆಯನ್ನೋ ಇಟ್ಟು ಮಲಗುವವರುಂಟು. ಅದರಿಂದೇಳುವ ವಿಷವಾಯುವಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ರೆಯಲ್ಲಿದ್ದವರು ಏಳುವುದೇ ಇಲ್ಲ. ಮಲಗುವ ಮುನ್ನ ಬೆಂಕಿಯನ್ನು ಹೊರಗಿಡುವುದು ಕೂಡುಮನೆಯ ಮೊದಲ ಕಟ್ಟಳೆಯಾಗಿರಲಿ.

ಎರಡನೆಯ ಕಟ್ಟಳೆಯು ಹಣದ್ದು. ಸ್ನೇಹಿತರ ನಡುವೆ ಲೆಕ್ಕವೇತಕ್ಕೆ ಎಂದವರೇ ಹಿಂದಿರುಗುವಾಗ ಮುಖ ತಿರುಗಿಸಿಕೊಂಡು ಕೂರುವರು. ಮನೆಬಾಡಿಗೆ, ಅಡಿಗೆಯ ಸಾಮಾನು, ವಾಹನ, ಶಿಕ್ಷಕರ ಸಂಭಾವನೆ ಇವುಗಳಲ್ಲಿ ಸಮಪಾಲು ಯಾವುದು, ಬಳಸಿದವರೇ ಕೊಡಬೇಕಾದುದು ಯಾವುದು ಎಂಬುದನ್ನು ಕಾಗದದ ಮೇಲೆ ಬರೆದಿಡಬೇಕು. ಗುಂಪಿನಲ್ಲಿ ಕಡಿಮೆ ಆದಾಯದವರೊಬ್ಬರು ಇದ್ದೇ ಇರುತ್ತಾರೆ. ವೆಚ್ಚವನ್ನು ಅವರ ಅಳತೆಗೆ ಗೊತ್ತುಮಾಡುವುದು ಸೌಜನ್ಯ.

ಮೂರನೆಯದು ಕೆಲಸ. ಪರಿಚಾರಕರಿಲ್ಲದ ಮನೆಯನ್ನು ಹಿಡಿದರೆ, ಹೆಂಗಸರು ಊರಿನ ಒಲೆಯನ್ನು ಬಿಟ್ಟು ಹಿಮದೂರಿನ ಒಲೆಯ ಮುಂದೆ ನಿಲ್ಲುವುದು ಬಹು ಸುಲಭವಾಗಿ ನಡೆದುಹೋಗುತ್ತದೆ. ಗಂಡಸರು ಜಾರಾಡಿ ಹಸಿದು ಬರುವರು, ಹೆಂಗಸರು ಬಡಿಸಿ ಪಾತ್ರೆ ತೊಳೆಯುವರು. ಇದನ್ನು ವಿಹಾರವೆಂದು ಕರೆಯುವುದಾದರೂ ಹೇಗೆ? ಮಾಡಿದ ಕೆಲಸದಷ್ಟೇ ಫಲವೆಂಬ ತತ್ತ್ವಕ್ಕೆ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳ ಹೆಸರನ್ನು ನಮ್ಮ ಸೀಮೆಯು ಇಂದಿಗೂ ಜೋಡಿಸುತ್ತದೆ. ಆ ತತ್ತ್ವವು ಕೂಡುಮನೆಯ ಅಡಿಗೆಮನೆಗೂ ಸಲ್ಲುತ್ತದೆ. ಅಡಿಗೆ, ಪಾತ್ರೆ, ಗುಡಿಸುವುದು, ಮಕ್ಕಳನ್ನು ನೋಡುವುದು ಇವೆಲ್ಲವುಗಳ ಸರದಿಪಟ್ಟಿಯನ್ನು ಮೊದಲ ಸಂಜೆಯೇ ಗೋಡೆಗೆ ಅಂಟಿಸಬೇಕು, ಅದರಲ್ಲಿ ಯಜಮಾನರ ಹೆಸರೂ ಇರಬೇಕು. ಆಹಾರದ ಭೇದಗಳನ್ನೂ ಮುಂಚಿತವಾಗಿಯೇ ತಿಳಿಸಿಕೊಳ್ಳಿರಿ. ಒಂದೇ ಮೇಜಿನಲ್ಲಿ ಒಬ್ಬರ ತಟ್ಟೆಯನ್ನು ಕುರಿತು ಮತ್ತೊಬ್ಬರು ಟೀಕಿಸುವುದು ಸಲ್ಲದು.

ಇವೆಲ್ಲಕ್ಕಿಂತ ಮುಖ್ಯವಾದ ಕಟ್ಟಳೆಯೊಂದಿದೆ. ಅದನ್ನು ಬರೆಯಲೆಂದೇ ಈ ಲೇಖನವನ್ನು ಕೈಗೊಂಡೆವು. ಕೂಡಿಹೋದ ಪ್ರತಿಯೊಬ್ಬರಿಗೂ “ಇಂದು ನಾನು ಬರಲಾರೆ” ಎನ್ನುವ ಹಕ್ಕಿರಬೇಕು. ಗುಂಪಿನ ಉತ್ಸಾಹಕ್ಕೆ ಒಂದು ವಿಚಿತ್ರ ಬಲವಿದೆ. ಕಾಲು ನೊಂದವರು ನೋವನ್ನು ಮುಚ್ಚಿಡುವರು. ತಲೆ ಸಿಡಿಯುತ್ತಿರುವವರು ನಗುವರು. ಹಣ ಕೊಟ್ಟಾಯಿತು, ದಿನ ಕಳೆಯುತ್ತಿದೆ, ಎಲ್ಲರೂ ಹೊರಟಿದ್ದಾರೆ, ನಾನೊಬ್ಬ ಅಡ್ಡಿಯಾಗಬಾರದು ಎಂಬ ನಾಚಿಕೆಯೇ ಪರ್ವತದಲ್ಲಿ ಅತಿ ದೊಡ್ಡ ಶತ್ರು. 2024ರ ಫೆಬ್ರವರಿ 22ರಂದು ಗುಲ್ಮಾರ್ಗಿನ ಖಿಲನ್‌ಮರ್ಗದ ಕಡೆ ಹಿಮಕುಸಿತಕ್ಕೆ ಸಿಕ್ಕಿದ ವಿದೇಶೀಯರ ತಂಡದಲ್ಲಿ ಒಬ್ಬನು ಮಡಿದನು. ಅದೇ ವರ್ಷದ ಜೂನ್ ಮೊದಲ ವಾರದಲ್ಲಿ, ಉತ್ತರಾಖಂಡದ ಸಹಸ್ರತಾಲಕ್ಕೆ ಹೋಗಿದ್ದ 22 ಮಂದಿಯ ತಂಡವು ಹಿಮಗಾಳಿಗೆ ಸಿಕ್ಕಿ ಒಂಬತ್ತು ಜನರನ್ನು ಕಳೆದುಕೊಂಡಿತು. ತಂಡದಲ್ಲಿ ಬಹುಮಂದಿ ನಮ್ಮ ರಾಜ್ಯದವರೇ. ಉಳಿದವರನ್ನು ಹೆಲಿಕಾಪ್ಟರುಗಳ ನೆರವಿನಿಂದ ಕೆಳಕ್ಕೆ ತರಲಾಯಿತು. ಮಡಿದವರ ಮೇಲೆ ದೋಷವನ್ನು ಹೊರಿಸುವುದು ನಮ್ಮ ಉದ್ದೇಶವಲ್ಲ. ಪರ್ವತವು ಅನುಭವಿಗಳನ್ನೂ ಬಿಡುವುದಿಲ್ಲ ಎಂಬುದನ್ನು ಆ ಮನೆಗಳ ದುಃಖವು ನಮಗೆ ತಿಳಿಸಿದೆ. ಹವೆಯನ್ನು ನಾವು ಆಳಲಾರೆವು. ಹೊರಡುವುದೋ ಹಿಂದಿರುಗುವುದೋ ಎಂಬ ನಿರ್ಧಾರ ಮಾತ್ರ ನಮ್ಮದು.

ಆದುದರಿಂದ ಊರು ಬಿಡುವ ಮುನ್ನ ಎಲ್ಲರೂ ಒಮ್ಮೆ ಕೂಡಿ ಕೆಲವು ಮಾತುಗಳನ್ನು ಒಪ್ಪಿಕೊಳ್ಳಲಿ. ಗುರುತಿಟ್ಟ ಇಳಿಜಾರನ್ನು ಬಿಟ್ಟು ಯಾರೂ ಹೋಗತಕ್ಕದ್ದಲ್ಲ. ಮಾರ್ಗದರ್ಶಕರು ಬೇಡವೆಂದರೆ ವಾದವಿಲ್ಲ. ತಂಡದ ವೇಗವೆಂದರೆ ಅತಿ ನಿಧಾನವಾಗಿ ನಡೆಯುವವರ ವೇಗ. ಅಸ್ವಸ್ಥರೊಬ್ಬರು ಮನೆಯಲ್ಲಿ ಉಳಿದರೆ ಅವರೊಡನೆ ಮತ್ತೊಬ್ಬರು ಉಳಿಯತಕ್ಕದ್ದು, ಹಾಗೆ ಉಳಿದವರನ್ನು ಸಂಜೆಯ ಮೇಜಿನಲ್ಲಿ ಯಾರೂ ಹಾಸ್ಯಮಾಡಬಾರದು. ಇಷ್ಟನ್ನು ಒಪ್ಪದ ಗೆಳೆಯರೊಡನೆ ಹಿಮದ ನಾಡಿಗಲ್ಲ, ಹತ್ತಿರದ ಜೋಗಿಮಟ್ಟಿಗೂ ಹೋಗದಿರುವುದೇ ಕ್ಷೇಮ.

ಇಷ್ಟನ್ನು ಒಪ್ಪಿದವರೊಡನೆ ನಿಶ್ಚಿಂತೆಯಾಗಿ ಹೋಗಿಬನ್ನಿ. ಬೆಳಗಿನ ಬಿಸಿಲಿನಲ್ಲಿ ದೇವದಾರು ಮರಗಳ ಮೇಲಿನ ಹಿಮವು ಹೊಳೆಯುವುದನ್ನು ಬಯಲುಸೀಮೆಯ ಕಣ್ಣುಗಳು ಒಮ್ಮೆಯಾದರೂ ಕಾಣಲಿ. ಮಳೆಯೇ ಅಪರೂಪವಾದ ನಾಡಿನವರಿಗೆ, ಆಕಾಶದಿಂದ ಬಿದ್ದ ನೀರು ಮೊಣಕಾಲುದ್ದ ನಿಂತಿರುವುದನ್ನು ನೋಡುವುದೇ ಒಂದು ಐಶ್ವರ್ಯ. ವಾರ ಕಳೆಯುವಷ್ಟರಲ್ಲಿ ಮೇಜಿನ ಸುತ್ತ ಕೂತ ಅಪರಿಚಿತರಲ್ಲಿ ಒಬ್ಬಿಬ್ಬರಾದರೂ ಬಾಳಿನ ಸ್ನೇಹಿತರಾಗುವುದುಂಟು. ಹೋದವರೆಲ್ಲರೂ ಸುಖವಾಗಿ ಹಿಂದಿರುಗಿದರೆ ಪ್ರವಾಸವು ಸಫಲವಾದಂತೆ. ಬೆಟ್ಟವು ಮುಂದಿನ ವರ್ಷವೂ ಅಲ್ಲಿಯೇ ಇರುತ್ತದೆ.