ದೊಡ್ಡಪ್ಪ, ಗದ್ದೆ ಮೇಲೆ ಹಾರ್ಬೇಡಿ

ಪುನರ್ವಸು ಮಳೆ ಹಿಡಿದರೆ ನಮ್ಮ ಮಲ್ಲಂದೂರಿನ ಕಡೆ ಮೊದಲು ಕರೆಂಟ್ ಹೋಗುತ್ತದೆ, ಅದರ ಹಿಂದೆಯೇ ನೆಟ್‌ವರ್ಕ್. ಶಾಲೆಗೂ ರಜೆ. ಈ ಸಲ ಹಾಗೆ ರಜೆ ಸಿಕ್ಕ ತಮ್ಮನ ಮಗ, ಆರನೇ ಕ್ಲಾಸಿನವನು, ನಮ್ಮ ಜಗಲಿಯಲ್ಲಿ ಕಂಬಳಿ ಹೊದ್ದು ನಾಲ್ಕು ದಿನ ಮೊಬೈಲಿನೊಳಗೇ ಇದ್ದ. ಮೊದಲ ದಿನ ಗದರಿದೆ. ಎರಡನೇ ದಿನ ಮೊಬೈಲ್ ಕಿತ್ತು ಬೀರುವಿನಲ್ಲಿಟ್ಟೆ. ಅವನು ಊಟ ಬಿಟ್ಟ, ಹೆಂಡತಿ ನನ್ನನ್ನೇ ಬೈದಳು. ಮೂರನೇ ದಿನ ಬೇರೆ ದಾರಿ ಕಾಣದೆ ಅವನ ಪಕ್ಕ ಕೂತು, "ಎಂಥದೋ ಅದು?" ಎಂದೆ.

ಅದು ಮೈನ್‌ಕ್ರಾಫ್ಟ್. ಸ್ವೀಡನ್ನಿನ ಮಾರ್ಕುಸ್ ಪೆರ್ಸನ್ ಎಂಬಾತ 2009ರಲ್ಲಿ ಹೊರತಂದದ್ದು. 2014ರಲ್ಲಿ ಮೈಕ್ರೋಸಾಫ್ಟ್ 250 ಕೋಟಿ ಡಾಲರ್ ಸುರಿದು ಆತನ ಕಂಪನಿಯನ್ನೇ ಕೊಂಡಿತು. ಇದೆಲ್ಲ ನಾನು ಆಮೇಲೆ ಓದಿಕೊಂಡದ್ದು. ಆ ಹೊತ್ತಿಗೆ ಕಂಡದ್ದು ಚೌಕದ ಮಣ್ಣು, ಚೌಕದ ಮರ, ಚೌಕದ ಹಂದಿ. ನೆಟ್‌ವರ್ಕ್ ಇಲ್ಲದಿದ್ದರೂ ನಡೆಯುತ್ತದೆ, ಮಲೆನಾಡಿಗೆ ಹೇಳಿ ಮಾಡಿಸಿದ ಆಟ.

ಹುಡುಗ ಗೋಧಿ ಬೆಳೆಯುತ್ತಿದ್ದ. ನೀರಿನಿಂದ ನಾಲ್ಕು ಚೌಕದೊಳಗಿದ್ದರೆ ಮಣ್ಣಿಗೆ ತೇವವಂತೆ. ಮೂವತ್ತು ವರ್ಷ ಕಾಫಿ ತೋಟ ಮಾಡಿದವನಿಗೆ ಬಾಯಿ ಸುಮ್ಮನಿರುತ್ತದೆಯೇ? "ನೆರಳಿನ ಮರ ಎಲ್ಲೋ?" ಎಂದೆ. "ಇಲ್ಲಿ ನೆರಳು ಬೇಡ ದೊಡ್ಡಪ್ಪ, ಬೆಳಕು ಬೇಕು. ರಾತ್ರಿನೂ ಬೆಳೀಲಿ ಅಂತ ಪಂಜು ಇಟ್ಟಿದೀನಿ." ಆಟದಲ್ಲಿ ಕಾಫಿ ಇಲ್ಲ, ಆದರೆ ಕೋಕೋ ಇದೆ. ಅದರ ಕಾಯಿ ಮರದ ಕಾಂಡಕ್ಕೇ ಅಂಟಿಕೊಂಡು ಬಿಟ್ಟಿತ್ತು, ನಮ್ಮ ಅಡಿಕೆ ತೋಟದ ನಡುವಿನ ಕೋಕೋ ಗಿಡದಲ್ಲಿ ಬಿಡುವ ಹಾಗೆಯೇ. ಮೂಳೆ ಗೊಬ್ಬರ ಹಾಕಿದರೆ ಬೆಳೆ ಬೇಗ ಬರುತ್ತದೆ ಎಂದು ಅವನು ತೋರಿಸಿದಾಗ ನಾನು ಸ್ವಲ್ಪ ಮುಂದಕ್ಕೆ ಬಾಗಿ ಕೂತೆ, ಸುಳ್ಳೇಕೆ ಹೇಳಲಿ.

ಮೊಬೈಲ್ ನನ್ನ ಕೈಗೆ ಕೊಟ್ಟ. ನಡೆಯಲು ಹೋಗಿ ಹಾರಿದೆ, ಬಿದ್ದೆ, ಮತ್ತೆ ಹಾರಿದೆ. "ದೊಡ್ಡಪ್ಪ, ಗದ್ದೆ ಮೇಲೆ ಹಾರ್ಬೇಡಿ! ಹದ ಮಾಡಿದ ಮಣ್ಣು ಹಾಳಾಗ್ತದೆ!" ಈ ಮನೆಯಲ್ಲಿ ನನ್ನನ್ನು ಹಾಗೆ ಗದರಿದವರು ನನ್ನ ಅಜ್ಜಿಯ ನಂತರ ಇವನೇ.

ಅಜ್ಜಿ ಆಷಾಢದ ಮಳೆಯಲ್ಲಿ ಇದೇ ಜಗಲಿಯಲ್ಲಿ ಚೆನ್ನೆಮಣೆ ಇಟ್ಟುಕೊಂಡು ಕೂರುತ್ತಿದ್ದರು. 14 ಗುಳಿ, ಗುಳಿಗೆ ನಾಲ್ಕರಂತೆ 56 ಕಾಯಿ. ಮೊಮ್ಮಗ ಎಂಬ ದಯೆ ದಾಕ್ಷಿಣ್ಯವಿಲ್ಲದೆ ಸೋಲಿಸುತ್ತಿದ್ದರು, ಕಾಯಿ ಕದ್ದರೆ ಕೈಮೇಲೆ ಹೊಡೆಯುತ್ತಿದ್ದರು. ಆಗ ಆಟ ದೊಡ್ಡವರಿಗೆ ಗೊತ್ತಿತ್ತು, ನಾವು ಕಲಿಯಬೇಕಿತ್ತು. ಈಗ ಮಣೆ ತಿರುಗಿದೆ. ಮಕ್ಕಳ ಕಣ್ಣು, ಮಕ್ಕಳ ಓದು ಎಂದು ನಾವು ಏನೇ ಹೇಳಲಿ, ಹನ್ನೊಂದರ ಹುಡುಗನೆದುರು ದಡ್ಡರಾಗುವ ನಾಚಿಕೆಯೂ ನಮ್ಮ ಸಿಟ್ಟಿನಲ್ಲಿ ಸೇರಿದೆ. ನನ್ನ ಸಿಟ್ಟಿನಲ್ಲಂತೂ ಅದೇ ಹೆಚ್ಚಿತ್ತು.

ಮೊಬೈಲ್ ಆಟದ ಚಟ ಎಂಬುದು ಸುಳ್ಳಲ್ಲ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ಇದಕ್ಕಾಗಿ 'ಶಟ್' ಕ್ಲಿನಿಕ್ ತೆರೆಯಿತು. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲೂ ಆಟದ ಗೀಳು 2022ರಿಂದ ಜಾರಿಯಲ್ಲಿದೆ. ಆದರೆ ಹಿಡಿತ ತಪ್ಪಿ, ಬದುಕಿನ ಬೇರೆ ಕೆಲಸವೆಲ್ಲ ಕೆಟ್ಟು, ಸಾಮಾನ್ಯವಾಗಿ 12 ತಿಂಗಳು ಹಾಗೇ ನಡೆದರೆ ಮಾತ್ರ ಅದು ರೋಗ. ಮಳೆ ರಜೆಯ ನಾಲ್ಕು ದಿನ ಅಲ್ಲ. ಇನ್ನು ನಿಷೇಧದ ಕತೆ: 2020ರ ಸೆಪ್ಟೆಂಬರಿನಲ್ಲಿ ಪಬ್‌ಜಿ ಹೋಯಿತು, ಮರುವರ್ಷ ಅದೇ ಬಿಜಿಎಂಐ ಎಂಬ ಹೆಸರಲ್ಲಿ ಬಂತು, 2022ರಲ್ಲಿ ಅದೂ ಹೋಯಿತು, 2023ರಲ್ಲಿ ತಿರುಗಿ ಬಂತು. ಬಾಜಿ ಕಟ್ಟುವ ಆಟಗಳಿಗೆ 2025ರಲ್ಲಿ ತಂದ ಕಾನೂನು ಬೇಕಾದದ್ದೇ. ಆದರೆ ಯಾವ ಕಾನೂನೂ ಜಗಲಿಗೆ ಬಂದು ಮಗುವಿನ ಪಕ್ಕ ಕೂರುವುದಿಲ್ಲ.

ಪಕ್ಕ ಕೂತಿದ್ದಕ್ಕೇ ನನಗೊಂದು ವಿಷಯ ತಿಳಿಯಿತು. ಗೋಧಿ ಕೊಯ್ಯುತ್ತ, ಪರದೆಯಿಂದ ಕಣ್ಣು ಎತ್ತದೆ ಹುಡುಗ ಹೇಳಿದ: ಕ್ಲಾಸಿನ ಗೆಳೆಯನೊಬ್ಬ ಅಮ್ಮನ ಮೊಬೈಲಿನಿಂದ ದುಡ್ಡು ಹಾಕಿ ಫ್ರೀ ಫೈರ್ ಎಂಬ ಆಟದ ಡೈಮಂಡ್ ಕೊಂಡು ಹೊಡೆತ ತಿಂದಿದ್ದಾನೆ. ತನ್ನ ಹತ್ತಿರವೂ ಆ ಆಟದಲ್ಲಿ ಯಾರೋ ಗುರುತಿಲ್ಲದವರು ಫೋನ್ ನಂಬರ್ ಕೇಳಿದ್ದರು. ಎದೆ ಧಸಕ್ಕೆಂದಿತು. ಕಿರುಚುವ ಬದಲು ಗೋಧಿ ಬಿತ್ತುತ್ತಲೇ "ಕೊಟ್ಟೆಯಾ?" ಎಂದೆ. "ಇಲ್ಲಪ್ಪ." ಎದುರು ನಿಲ್ಲಿಸಿ ವಿಚಾರಣೆ ಮಾಡಿದ್ದರೆ ಅವನು ಬಾಯಿ ಬಿಡುತ್ತಿರಲಿಲ್ಲ.

ನಮ್ಮ ತೋಟಗಳ ಕೆಲಸಗಾರರ ಲೈನ್ ಮನೆಗಳಲ್ಲಿ ಮನೆಗೊಂದೇ ಮೊಬೈಲ್. ಅಪ್ಪ ಕೆಲಸ ಮುಗಿಸಿ ಬಂದ ಮೇಲೆಯೇ ಅದು ಮಕ್ಕಳ ಕೈಗೆ. ಅಸ್ಸಾಮಿನಿಂದ ಬಂದವರ ಮಕ್ಕಳು, ಇಲ್ಲಿನವರು, ಐದು ತಲೆ ಒಂದು ಪರದೆಗೆ ಬಾಗಿರುತ್ತವೆ, ಎಷ್ಟೋ ಸಲ ಅಪ್ಪನ ತಲೆಯೂ. ಜೊತೆಗೆ ಕೂರಿ ಎಂದು ಅವರಿಗೆ ಹೇಳಬೇಕಾಗಿಲ್ಲ. ಹೇಳಬೇಕಾದದ್ದು ಕೋಣೆಗೊಂದು ಮೊಬೈಲ್ ಇರುವ ನಮ್ಮಂಥವರಿಗೆ.

ಒಂದು ಎಚ್ಚರಿಕೆ. ಸಿಕ್ಕಿದ್ದೇ ಸಮಯ ಎಂದು ಪಾಠಕ್ಕೆ ಇಳಿಯಬೇಡಿ. ನೆರಳಿನ ಮರದ ಕೊಂಬೆ ಸವರುವ ಮರಗಸಿ ಸರಿಯಾಗದಿದ್ದರೆ ಕಾಫಿಗೆ ಕೊಳೆ ರೋಗ ಹೇಗೆ ಬರುತ್ತದೆಂದು ನಾನು ಶುರು ಮಾಡಿದ್ದೆ. "ದೊಡ್ಡಪ್ಪ, ಆಟ ಆಡಿ" ಎಂದ. ಇಷ್ಟಾಗಿ ಅವನೇನೂ ತೋಟ ನೋಡಲು ಬರಲಿಲ್ಲ. ಬರಲೆಂದು ನಾನೂ ಆಡಿದ್ದಲ್ಲ.

ಅಂದ ಹಾಗೆ, ಆ ಮೂಳೆ ಗೊಬ್ಬರ ಬೇಕಿದ್ದರೆ ಕತ್ತಲಲ್ಲಿ ಬಿಲ್ಲು ಹಿಡಿದು ಬರುವ ಅಸ್ಥಿಪಂಜರಗಳನ್ನು ಹೊಡೆಯಬೇಕು. ನನಗೆ ಅದಿನ್ನೂ ಬಂದಿಲ್ಲ.