ಬಲೆಯವನಿಗೂ ತೋಟೆಯವನಿಗೂ ಒಂದೇ ಲಾಠಿಯೆ?

ಕಾವೇರಿಯಲ್ಲಿ ಎಷ್ಟು ಟಿ.ಎಂ.ಸಿ. ನೀರಿದೆ ಎಂದು ನಮ್ಮ ಮಂಡ್ಯ ಜಿಲ್ಲೆಯಲ್ಲಿ ಟೀ ಅಂಗಡಿಯ ಹುಡುಗನೂ ಹೇಳಿಯಾನು. ಆ ನೀರಿನೊಳಗೆ ಬದುಕಿರುವ ಜೀವದ ಲೆಕ್ಕ ಕೇಳುವವರು ಯಾರು ಸ್ವಾಮಿ?

ಮುತ್ತತ್ತಿ, ಭೀಮೇಶ್ವರಿ ಕಡೆಯ ಮಡುಗಳಲ್ಲಿ ಬೆನ್ನುಬ್ಬಿದ ಬಿಳಿಮೀನು ಎಂಬುದೊಂದಿದೆ. ಓದಿದವರು ಮಹಶೀರ್ ಎನ್ನುತ್ತಾರೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಅವರ ಗಾಳಕ್ಕೆ ಬಿದ್ದ ಮಹಶೀರ್ ತೂಗಿದ್ದು 120 ಪೌಂಡು! ಈ ಬೆನ್ನುಬ್ಬಿದ ಜಾತಿ ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಭೂಮಂಡಲದಲ್ಲಿ ಬೇರೆಲ್ಲೂ ಇಲ್ಲ. ವಿಜ್ಞಾನಿಗಳು ಇದರ ಕುಲಗೋತ್ರ ಗುರುತಿಸಿ ಟಾರ್ ರೆಮದೇವಿ ಎಂದದ್ದು 2018ರಲ್ಲಿ. ಅದೇ ವರ್ಷ ಅದು ವಿನಾಶದ ಅಂಚಿನ ಜೀವಿಗಳ ಕೆಂಪುಪಟ್ಟಿಗೂ ಸೇರಿತು. ನಾಮಕರಣದ ದಿನವೇ ತಿಥಿಯ ಮಾತು!

ಇದಕ್ಕೆ ಬೆಸ್ತನ ಬಲೆಯೊಂದೇ ಕಾರಣವೆ? ಖಂಡಿತ ಅಲ್ಲ. ಅಣೆಕಟ್ಟುಗಳಿಂದ ಹೊಳೆಯ ನಡೆ ಕೆಟ್ಟಿತು. ಮರಳಿಗಾಗಿ ತಳ ಬಗೆದರು. 1970ರ ದಶಕದಿಂದ ಲೋನಾವಳದಲ್ಲಿ ಮರಿ ಮಾಡಿಸಿದ ನೀಲಿ ರೆಕ್ಕೆಯ ಮಹಶೀರನ್ನು ಒಳ್ಳೆಯ ಉದ್ದೇಶದಿಂದಲೇ ತಂದು ಇಲ್ಲಿಗೆ ಬಿಟ್ಟರು. ಬಂದ ನೆಂಟ ಹೆಚ್ಚಿದ, ಮನೆಯ ಯಜಮಾನ ಕರಗಿದ. ಇವೆಲ್ಲದರ ಮೇಲೆ ತೋಟೆ ಎಸೆಯುವ ಪಾಪಿಗಳು. ಒಂದು ತೋಟೆ ಸಿಡಿದರೆ ಮಡುವಿನ ದೊಡ್ಡ ಮೀನು, ಸಣ್ಣ ಮೀನು, ಮರಿ ಎಲ್ಲವೂ ನಾಶ.

1987ರಲ್ಲಿ ಕಾವೇರಿ ವನ್ಯಧಾಮವಾಯಿತು. ಆಗಲಿ, ಬೇಡ ಅನ್ನೋರು ಯಾರು? ಆದರೆ ಹರಿಗೋಲಿನಲ್ಲಿ ಕೂತು ಸಂಜೆ ಸಾರಿಗಾಗುವಷ್ಟು ಮೀನು ಹಿಡಿಯುವವನನ್ನೂ ಮಡುವಿಗೆ ಮಡುವನ್ನೇ ಸಿಡಿಸುವವನನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಅದು ಯಾವ ಊರಿನ ನ್ಯಾಯ? ತೋಟೆಯವನು ಕತ್ತಲಲ್ಲಿ ಮಾಯ. ಸಿಕ್ಕಿಬೀಳೋದು ಹರಿಗೋಲಿನವನೇ.

ಹಳೆಯ ಪಾಠವೊಂದು ಕಣ್ಣೆದುರಿಗೇ ಇದೆ. ಭೀಮೇಶ್ವರಿ, ಗಾಳಿಬೋರೆಯ ಗಾಳದ ಶಿಬಿರಗಳಲ್ಲಿ ಹಿಡಿದ ಮೀನನ್ನು ತೂಗಿ ಮರಳಿ ಹೊಳೆಗೇ ಬಿಡುತ್ತಿದ್ದರು. ಹಿಂದೆ ಕದ್ದು ಮೀನು ಹಿಡಿಯುತ್ತಿದ್ದವರಿಗೇ ಸಂಬಳ ಕೊಟ್ಟು ಕಾವಲಿಗೆ ಹಾಕಿದ್ದರು. ಅದರಿಂದ ಎಲ್ಲವೂ ಸರಿಹೋಗಲಿಲ್ಲ, ನಿಜ. ಬೆನ್ನುಬ್ಬಿದ ಮೀನು ಆಗಲೂ ಕಡಿಮೆಯಾಗುತ್ತಲೇ ಇತ್ತು. ಆದರೂ ರಾತ್ರಿ ಹೊಳೆದಡದಲ್ಲಿ ಕಾಯುವ ಕಣ್ಣಿತ್ತು. 2012ರ ಹೊತ್ತಿಗೆ ವನ್ಯಜೀವಿ ಕಾನೂನಿನಂತೆ ಗಾಳ ನಿಂತಿತು, ಆ ಕೂಲಿಯೂ ಹೋಯಿತು.

ಅರಕಲಗೂಡು ತಾಲ್ಲೂಕಿನ ರಾಮನಾಥಪುರಕ್ಕೆ ಹೋಗಿ ನೋಡಿ. ಇದೇ ಕಾವೇರಿ, ದೇವರ ಮೀನೆಂದು ಜನ ಪುರಿ ಹಾಕುತ್ತಾರೆಯೇ ಹೊರತು ಬಲೆ ಬೀಸುವುದಿಲ್ಲ. ಊರವರೇ ನಮ್ಮದು ಎಂದುಕೊಂಡರೆ ಮೀನು ಉಳಿಯುತ್ತದೆ.

ಆದ್ದರಿಂದ ಸರ್ಕಾರಕ್ಕೆ ನಮ್ಮ ಮಾತು ಇಷ್ಟೇ. ಬಿಳಿಮೀನಿರುವ ಮಡುಗಳಿಗೆ ಬಲೆ ಬೇಡ, ಅದರಲ್ಲಿ ರಾಜಿ ಇಲ್ಲ. ಅದಕ್ಕೆ ಬದಲಾಗಿ ಹೊಳೆಯನ್ನೇ ನಂಬಿದ ಬೆಸ್ತರಿಗೆ ಹತ್ತಿರದ ಕೆರೆಗಳ ಮೀನಿನ ಗುತ್ತಿಗೆಯಲ್ಲಿ ಮೊದಲ ಹಕ್ಕು ಕೊಡಿ. ದುಡ್ಡಿದ್ದವನು ಹರಾಜಿನಲ್ಲಿ ಹೊಡೆದುಕೊಳ್ಳದಿರಲಿ. ಅವರ ಮಕ್ಕಳನ್ನೇ ಹೊಳೆಗಾವಲಿಗೆ ನೇಮಿಸಿ, ಸಂಬಳ ತಿಂಗಳು ತಿಂಗಳು ಕೈಗೆ ಸೇರಲಿ. ಹೊರಗಿನ ಮೀನುಮರಿ ಹೊಳೆಗೆ ಬಿಡುವುದನ್ನು ನಿಲ್ಲಿಸಿ. ತೋಟೆಯವನಿಗೆ ಮದ್ದು ಮಾರಿದವನನ್ನೂ ಹಿಡಿಯಿರಿ.

ಮಡುವಿನ ಆಳ ಬಲ್ಲವನು ಬೆಸ್ತ. ಅವನನ್ನು ದಡದಿಂದ ಓಡಿಸಿ ಮೀನು ಕಾಯುತ್ತೇವೆ ಎನ್ನುವುದು ಮನೆನಾಯಿಯನ್ನು ಹೊಡೆದೋಡಿಸಿ ಬಾಗಿಲಿಗೆ ಬೀಗ ಹುಡುಕಿದ ಹಾಗೆ.