ಶುಲ್ಕದ ಲೆಕ್ಕ, ಭಾಷೆಯ ಹೊಣೆ

ಉನ್ನತ ಶಿಕ್ಷಣದ ವೆಚ್ಚವನ್ನು ಯಾರು ಭರಿಸಬೇಕೆಂಬ ಪ್ರಶ್ನೆ ಹೊಸದೇನಲ್ಲ. 1964-66ರ ಕೊಠಾರಿ ಆಯೋಗವು ರಾಷ್ಟ್ರೀಯ ವರಮಾನದ ಶೇಕಡಾ 6ರಷ್ಟು ಶಿಕ್ಷಣಕ್ಕೆ ಸಲ್ಲಬೇಕೆಂದಿತು. ಬೋಧನ ಶುಲ್ಕವನ್ನು ಹಂತಹಂತವಾಗಿ ಕೈಬಿಟ್ಟು, ಅನುಕೂಲವಿಲ್ಲದ ಅರ್ಹ ವಿದ್ಯಾರ್ಥಿಗಳಿಗೆ ವಿಶ್ವವಿದ್ಯಾಲಯದ ಬಾಗಿಲೂ ಉಚಿತವಾಗಿ ತೆರೆಯಬೇಕೆಂದು ಬಯಸಿತು. 1968, 1986 ಮತ್ತು 2020ರ ಶಿಕ್ಷಣ ನೀತಿಗಳು ಈ ಶೇಕಡಾ 6ರ ಗುರಿಯನ್ನೇ ಮತ್ತೆ ಮತ್ತೆ ಉಚ್ಚರಿಸಿದವು. ಗುರಿ ಮಾತ್ರ ಇನ್ನೂ ಕೈಗೂಡಿಲ್ಲ.

ತೊಂಬತ್ತರ ದಶಕದಲ್ಲಿ ಚಿಂತನೆಯ ದಿಕ್ಕೇ ಬದಲಾಯಿತು. ವಿಶ್ವವಿದ್ಯಾಲಯ ಅನುದಾನ ಆಯೋಗ ನೇಮಿಸಿದ ನ್ಯಾಯಮೂರ್ತಿ ಪುನ್ನಯ್ಯ ಸಮಿತಿಯು 1993ರ ತನ್ನ ವರದಿಯಲ್ಲಿ, ವಿಶ್ವವಿದ್ಯಾಲಯಗಳು ತಮ್ಮ ಆವರ್ತಕ ವೆಚ್ಚದ ಶೇಕಡಾ 15ರಷ್ಟನ್ನು ಐದು ವರ್ಷಗಳಲ್ಲಿಯೂ ಶೇಕಡಾ 25ರಷ್ಟನ್ನು ಹತ್ತು ವರ್ಷಗಳಲ್ಲಿಯೂ ತಾವೇ ಗಳಿಸಿಕೊಳ್ಳಬೇಕೆಂದು ಸೂಚಿಸಿತು. ಸರಕಾರದ ನೆರವು ಅನಿವಾರ್ಯವಾಗಿ ಮುಂದುವರಿಯಬೇಕೆಂದೂ ಅದೇ ವರದಿ ಹೇಳಿದೆ. ಆಡಳಿತಗಳ ನೆನಪಿನಲ್ಲಿ ಉಳಿದದ್ದು ಮೊದಲ ಮಾತು ಮಾತ್ರ. 2017ರಲ್ಲಿ ಸ್ಥಾಪನೆಯಾದ ಉನ್ನತ ಶಿಕ್ಷಣ ಹಣಕಾಸು ಸಂಸ್ಥೆಯಿಂದಾಗಿ, ಹಿಂದೆ ಅನುದಾನವಾಗಿ ಬರುತ್ತಿದ್ದ ಕಟ್ಟಡ, ಉಪಕರಣಗಳ ಹಣ ಸಾಲದ ರೂಪ ತಾಳತೊಡಗಿತು. ಸಾಲ ತೀರಿಸುವ ಸಂಸ್ಥೆಯ ಕಣ್ಣು ಕೊನೆಗೆ ಬೀಳುವುದು ವಿದ್ಯಾರ್ಥಿಯ ಕಿಸೆಯ ಮೇಲೆಯೇ.

ಶುಲ್ಕ ಹೆಚ್ಚಳವನ್ನು ಸಮರ್ಥಿಸುವವರ ವಾದವನ್ನು ಸಾರಾಸಗಟಾಗಿ ತಳ್ಳಿಹಾಕಲಾಗದು. ಶಿಶುವಿಹಾರಕ್ಕೇ ಸಾವಿರಾರು ರೂಪಾಯಿ ತೆತ್ತ ಶ್ರೀಮಂತರ ಮಗನಿಗೆ ಪದವಿ ತರಗತಿಯಲ್ಲಿ ರಿಯಾಯಿತಿ ಏಕೆ ಎಂಬ ಪ್ರಶ್ನೆಯಲ್ಲಿ ಸತ್ಯಾಂಶವಿದೆ. ಆದರೆ ಆ ಮಗನಿಗೆ ಹಾಕಿದ ತಕ್ಕಡಿಯಲ್ಲೇ ಕೂಲಿಕಾರನ ಮಗಳನ್ನೂ ತೂಗಿದರೆ ಅದು ನ್ಯಾಯವಲ್ಲ. ಮೇಲಾಗಿ, ಏರಿಕೆ ಬರುವುದು ಬೋಧನ ಶುಲ್ಕದ ಹೆಸರಿನಲ್ಲೇ ಎಂದೇನಿಲ್ಲ. ಗ್ರಂಥಾಲಯ, ಪರೀಕ್ಷೆ, ಗಣಕ, ವಿದ್ಯಾರ್ಥಿನಿಲಯ ಎಂಬ ಬಿಡಿ ಬಿಡಿ ಬಾಬ್ತುಗಳಲ್ಲಿ ಅದು ಒಳನುಗ್ಗುತ್ತದೆ. 2019ರಲ್ಲಿ ದೆಹಲಿಯ ಜವಾಹರಲಾಲ್ ನೆಹರು ವಿಶ್ವವಿದ್ಯಾಲಯದಲ್ಲಿ ಎದ್ದ ಚಳವಳಿಯ ಮೂಲ ವಿದ್ಯಾರ್ಥಿನಿಲಯದ ದರಗಳಲ್ಲಿತ್ತು: ಒಬ್ಬರ ಕೊಠಡಿಯ ತಿಂಗಳ ಬಾಡಿಗೆಯನ್ನು 20 ರೂಪಾಯಿಯಿಂದ 600ಕ್ಕೆ ಏರಿಸಿ, 1,700 ರೂಪಾಯಿಗಳ ಸೇವಾ ಶುಲ್ಕವನ್ನು ಹೊಸದಾಗಿ ಹೇರುವ ತೀರ್ಮಾನವಾಗಿತ್ತು.

ಹೊರನಾಡಿನ ಕನ್ನಡ ವಿಭಾಗಗಳಿಗೆ ಈ ಲೆಕ್ಕಾಚಾರ ಇನ್ನಷ್ಟು ಮಾರಕ. ತಲೆಯೆಣಿಕೆಯಿಂದ ಅಳೆದರೆ ವಾಣಿಜ್ಯ, ಗಣಕ ವಿಜ್ಞಾನಗಳ ಮುಂದೆ ಕನ್ನಡ ಎಂ.ಎ. ತರಗತಿ ನಷ್ಟದ ಬಾಬ್ತಾಗಿಯೇ ಕಾಣುತ್ತದೆ. ಹಗಲೆಲ್ಲ ಹೋಟೆಲುಗಳಲ್ಲಿ ದುಡಿದು ರಾತ್ರಿ ಶಾಲೆಗಳಲ್ಲಿ ಅಕ್ಷರ ಕಲಿತ ಕರಾವಳಿಯ ಹುಡುಗರ ಪರಂಪರೆ ಮುಂಬಯಿಯದು. ದುಡಿಯುತ್ತಲೇ ಓದುವ ಅಂಥವರಿಗೆ ಸ್ವಂತ ಖರ್ಚಿನ ಕೋರ್ಸು ಎಂದರೆ ಮುಚ್ಚಿದ ಬಾಗಿಲು. ಒಂದು ಹಸ್ತಪ್ರತಿಯನ್ನು ಓದಬಲ್ಲ, ಎರಡು ಭಾಷೆಗಳ ನಡುವೆ ಅನುವಾದದ ಸೇತುವೆ ಕಟ್ಟಬಲ್ಲ ನಾಲ್ಕು ಜನರನ್ನು ಸಿದ್ಧಪಡಿಸುವ ವಿಭಾಗದ ಬೆಲೆಯನ್ನು ಶುಲ್ಕದ ರಸೀದಿ ಹೇಳಲಾರದು.

ಹಾಗಾದರೆ ಮಾಡಬೇಕಾದುದೇನು? ಪ್ರತಿ ಶುಲ್ಕವೂ ಯಾವ ಸೇವೆಗಾಗಿ, ಎಷ್ಟು ಖರ್ಚಾಯಿತು ಎಂಬುದನ್ನು ವಿಶ್ವವಿದ್ಯಾಲಯಗಳು ವರ್ಷವರ್ಷವೂ ಬಹಿರಂಗಪಡಿಸಬೇಕು. ಶುಲ್ಕ ಏರಿಸುವುದೇ ಆದರೆ ಪಾಲಕರ ವರಮಾನವನ್ನು ನೋಡಿ ಏರಿಸಬೇಕು. ವಿದ್ಯಾರ್ಥಿವೇತನ ಶುಲ್ಕ ಕಟ್ಟುವ ದಿನಕ್ಕೆ ಮೊದಲೇ ಕೈಸೇರಬೇಕು. ಭಾಷಾ ವಿಭಾಗಗಳನ್ನು ತಲೆಯೆಣಿಕೆಯ ಅಳತೆಯಿಂದ ಹೊರಗಿಡಬೇಕು. ಕರ್ನಾಟಕ ಸರಕಾರದ ನೆರವಿನಿಂದ 2015ರಲ್ಲಿ ದೆಹಲಿಯ ಅದೇ ವಿಶ್ವವಿದ್ಯಾಲಯದಲ್ಲಿ ಕನ್ನಡ ಪೀಠ ಆರಂಭವಾದದ್ದು ಒಳ್ಳೆಯ ಮಾದರಿ. ಕನ್ನಡ ಸಂಘಗಳ ದತ್ತಿನಿಧಿಗಳೂ ಇದಕ್ಕೆ ಕೈಜೋಡಿಸಬಹುದು. ಆದರೆ ದಾನ ಪೂರಕವಾಗಬಹುದೇ ಹೊರತು ಹೊಣೆಗಾರಿಕೆಗೆ ಬದಲಿಯಾಗದು. ದಾನಿಯ ಔದಾರ್ಯ ಬತ್ತಿದ ದಿನವೂ ತರಗತಿ ನಡೆಯಬೇಕಾದರೆ ಸಾರ್ವಜನಿಕ ಬೊಕ್ಕಸದ ಆಸರೆ ಬೇಕೇ ಬೇಕು. ತೆರಿಗೆ ತೆರುವ ಹೊರನಾಡ ಕನ್ನಡಿಗನು ತನ್ನ ಭಾಷೆಯ ಉನ್ನತ ಅಧ್ಯಯನಕ್ಕಾಗಿ ಅದನ್ನು ಕೇಳುವುದು ಯಾಚನೆಯಲ್ಲ, ಹಕ್ಕು.